ಭಾವನ ಬಾಸ್ಕೆಟ್‌ಬಾಲ್ ಬೂಟು

ಇದು ನಡೆದದ್ದೇ. ನಂಬದಿದ್ದರೆ ನಮ್ಮ ಭಾವನ ಕಾಲನ್ನು ಕೇಳಿ. ಬಾಯಿಯನ್ನು ಕೇಳಬೇಡಿ, ಅದು ಯಾರನ್ನೂ ನಂಬುವುದಿಲ್ಲ.

ನಾವಿಬ್ಬರೂ ಒಂದೇ ಪೈಪ್ ಕಾರ್ಖಾನೆಯವರು. ನಾನು ಪ್ಯಾಕಿಂಗ್, ಅವರು ತಪಾಸಣೆ. ಪೈಪಿನ ಹೊರ ಅಳತೆ ಭಾವನದು, ಒಳ ಅಳತೆ ಎದುರು ಮೇಜಿನ ಮೇಡಂ ಅವರದು. ಇಪ್ಪತ್ತು ವರ್ಷದಲ್ಲಿ ಭಾವ ಒಂದು ಪೈಪಿನೊಳಗೂ ಇಣುಕಿದವರಲ್ಲ. ದಿನಕ್ಕೆ ಎಂಟು ಗಂಟೆ ಸಿಮೆಂಟು ನೆಲದ ಮೇಲೆ ನಿಂತು ನಿಂತು ಹಿಮ್ಮಡಿ ಕೈಕೊಟ್ಟಿತ್ತು. "ಮೆತ್ತನೆ ಶೂ ಹಾಕಿ, ಆಗಲ್ಲ ಅಂದ್ರೆ ಕೂರೋ ಕೆಲಸ ನೋಡ್ಕೊಳ್ಳಿ" ಎಂದಿದ್ದರು ಡಾಕ್ಟರು. ಕೂರುವ ಕೆಲಸವೆಂದರೆ ಸ್ಟೋರು. ತಪಾಸಣೆ ಬಿಟ್ಟು ಸ್ಟೋರಿನಲ್ಲಿ ಕೂರುವುದೆಂದರೆ ಭಾವನಿಗೆ ಜೀವ ಹೋದಂತೆ.

ಅಕ್ಕ ಹಳೇ ಮಾದರಿಯ ಬಾಸ್ಕೆಟ್‌ಬಾಲ್ ಶೂ ತಂದಳು. ಕಣಕಾಲು ಮುಚ್ಚುವ ಎತ್ತರ, ಬಿಳಿ ಚರ್ಮ, ಕೆಂಪು ಪಟ್ಟಿ. ಒಗ್ಗದಿದ್ದರೆ ಶನಿವಾರದೊಳಗೆ ವಾಪಸ್ ಕೊಡಬಹುದು ಎಂದಿದ್ದನಂತೆ ಅಂಗಡಿಯವನು.

"ವಾಪಸ್ ತಗೋತೀನಿ ಅಂತ ಅವನೇ ಯಾಕಂದ? ಏನೋ ಐಬಿದೆ. ಆಟದ ಶೂ ದಿನಾ ಹಾಕೋಕಾಗುತ್ತೇನೋ?" ಎಂದರು ಭಾವ.

"ನೀವು ಆಡ್ಲಿಲ್ಲ ಅಂತ ಅದೇನು ಬೇಜಾರು ಮಾಡ್ಕೊಳಲ್ಲ, ಭಾವ."

ಸೋಮವಾರ ಹಿಮ್ಮಡಿ ನೋಯಲಿಲ್ಲ. ಅನುಮಾನ ಇನ್ನೂ ಹೆಚ್ಚಾಯಿತು. "ಮೊದಲನೇ ದಿನ ಅಳಿಯನೂ ನಯವಾಗೇ ಇರ್ತಾನೆ" ಎಂದರು, ನಮ್ಮ ಮನೆಯ ಅಳಿಯ.

ನನಗೆ ಕೈ ತುರಿಸಿತು. ಊಟದ ಹೊತ್ತಿಗೆ ಅವರು ಶೂ ಬಿಚ್ಚಿ ಮೇಜಿನಡಿ ಇಡುತ್ತಾರೆ. ಮಂಗಳವಾರ ಎಡ ಶೂವಿನ ತುದಿಗೆ ಒಂದು ಪ್ಯಾಕಿಂಗ್ ಕಾಗದ ತುರುಕಿದೆ. ಬುಧವಾರ ಇನ್ನೊಂದು, ಗುರುವಾರ ಮತ್ತೊಂದು.

"ಎಡಗಡೇದು ದಿನಾ ಬಿಗಿಯಾಗ್ತಿದೆ ಕಣೋ." ಭಾವ ಪೈಪ್ ಅಳೆಯುವ ವರ್ನಿಯರ್ ಹಿಡಿದು ಶೂ ಅಳೆದರು. ಉದ್ದ, ಅಗಲ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆಮೇಲೆ ಪಾದಗಳನ್ನು ಅಳೆದರು. ಎಡಗಾಲು ಬಲಗಾಲಿಗಿಂತ ನಾಲ್ಕು ಮಿಲಿಮೀಟರ್ ದೊಡ್ಡದು. ಯಾರ ಕಾಲಾದರೂ ಹಾಗೇ ಇದ್ದೀತು, ಆದರೆ ಭಾವನ ಮುಖ ಬಿಳಿಚಿಕೊಂಡಿತು.

"ಶೂ ಸರಿಯಾಗಿದೆ. ಕಾಲೇ ಊದ್ತಿದೆ."

ನಾನು ಡಾಕ್ಟರ ಮೂಗುದನಿಯಲ್ಲಿ "ಕೂರೋ ಕೆಲಸ ನೋಡ್ಕೊಳ್ಳಿ" ಎಂದೆ. ಯಾವತ್ತೂ ಬೈಯುವವರು ಅವತ್ತು ಸುಮ್ಮನೆ ತಲೆಯಾಡಿಸಿದರು. ಶುಕ್ರವಾರ ಬಂದು ನೋಡಿದರೆ, ಅವರ ಮೇಜಿನ ಮೇಲೆ ವಾಪಸ್ ಕೊಡಲು ತುಂಬಿಟ್ಟ ಶೂ ಡಬ್ಬಿಯ ಪಕ್ಕದಲ್ಲಿ ಸ್ಟೋರಿಗೆ ವರ್ಗ ಕೇಳುವ ಅರ್ಜಿ, ಸಹಿಯೊಂದು ಬಾಕಿ. ನಾನು ಬೇಗ ಅರ್ಜಿಯ ಮೇಲೆ ಕೈಯಿಟ್ಟೆ. "ಭಾವ, ಒಂದ್ನಿಮಿಷ" ಎನ್ನುವಷ್ಟರಲ್ಲಿ ಎದುರು ಮೇಜಿನ ಮೇಡಂ ಕೇಳಿದರು:

"ಶೂ ಒಳಗೆ ನೋಡಿದ್ರಾ, ಸರ್?"

"ಒಳಗಿನದು ನಿಮ್ಮ ಕೆಲಸ ಅಲ್ವಾ?" ಎಂದರು ಭಾವ, ಗಂಭೀರವಾಗಿ.

ಮೇಡಂ ಶೂವಿನೊಳಗೆ ಕೈ ಹಾಕಿ ಒಂದೊಂದೇ ಕಾಗದ ಎಳೆದು ಮೇಜಿನ ಮೇಲೆ ಹರಡಿದರು. ಮೂರರ ಮೇಲೂ ನನ್ನ ಪ್ಯಾಕಿಂಗ್ ಮೊಹರು.

ಭಾವ ನನ್ನನ್ನು ನೋಡಿದರು. ಶೂ ಹಾಕಿದರು, ಲೇಸು ಕಟ್ಟಿದರು, ಪೈಪಿನ ಸಾಲಿನ ಕೊನೆಯವರೆಗೆ ನಡೆದು ಹೋಗಿ ಬಂದರು. ಅರ್ಜಿಯನ್ನು ನಾಲ್ಕು ಚೂರು ಮಾಡಿದರು. ಮೇಡಂ ಮುಗುಳ್ನಕ್ಕರು, ನಾನು ಹೆದರಿಕೊಂಡೇ ಹಲ್ಲು ಬಿಟ್ಟೆ.

"ಊದಿಲ್ಲ ಕಣೋ, ಕತ್ತೆ. ಊದೇ ಇಲ್ಲ" ಎಂದು ಭಾವ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಯಂತ್ರಗಳ ಸದ್ದನ್ನೂ ಮೀರಿದ ಆ ನಗುವಿಗೆ ಪ್ಯಾಕಿಂಗಿನವರೆಲ್ಲ ಎದ್ದು ಬಂದರು.