ಕೂ ಎನ್ನುವ ಹಕ್ಕಿ

ಹೊನ್ನಾವರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಜಟ್ಟಪ್ಪನಿಗೆ ಹಕ್ಕಿಗಳ ಬಗ್ಗೆ ಗೊತ್ತಿದ್ದದ್ದು ಎರಡೇ ಸಂಗತಿ: ಕಾಗೆ ಕರಿ, ಕೊಕ್ಕರೆ ಬಿಳಿ. ಆದರೆ ಹೆಣ್ಣು ನೋಡಲು ಹೋದ ದಿನ ಮಾತಿಗೆ ಏನೂ ಸಿಗದೆ, ದನಿ ಕೇಳಿಯೇ ಯಾವ ಹಕ್ಕಿಯೆಂದು ಹೇಳಬಲ್ಲೆ ಅಂದುಬಿಟ್ಟಿದ್ದ. ಮಾದೇವಿ ನಂಬಿದಳು. ಮದುವೆಯಾಗಿ ವರ್ಷವಾಗುತ್ತ ಬಂದರೂ ನಂಬಿಯೇ ಇದ್ದಳು. ಅವಳಿಗೆ ತನ್ನ ಮೇಲಿದ್ದ ಗೌರವವೆಲ್ಲ ಆ ಒಂದು ಸುಳ್ಳಿನ ಮೇಲೆ ನಿಂತಿದೆಯೆಂದು ಜಟ್ಟಪ್ಪನಿಗೆ ಖಾತ್ರಿಯಿತ್ತು. ಗೌರವಕ್ಕೆ ಬೇರೆ ಕಾರಣ ಅವನಿಗೇ ಹೊಳೆದಿರಲಿಲ್ಲ.

ಹಾಗಾಗಿ ಎಪ್ಪತ್ತೆಂಟನೇ ಇಸವಿಯ ಚಳಿಗಾಲದಲ್ಲಿ ಅವಳು "ಘಟ್ಟದ ಮೇಲಿನ ಕೆರೆ ಪಾರ್ಕಿಗೆ ಹೋಗ್ವ, ಹಕ್ಕಿ ತೋರ್ಸಿ" ಎಂದು ಹಟ ಹಿಡಿದಾಗ ಒಲ್ಲೆನೆನ್ನಲಾಗದೆ ಒಪ್ಪಿದ. ಭಟ್ಕಳದ ಅಂಗಡಿಯಿಂದ ಫಾರಿನ್ ದುರ್ಬೀನು ತಂದು ಕೊರಳಿಗೆ ಹಾಕಿಕೊಂಡ. ಕೆರೆಯ ದಂಡೆ ಮುಟ್ಟಿದ್ದೇ, "ನಿನ್ನ ಬಳೆ ಸದ್ದಿಗೆ ಹಕ್ಕಿ ಹಾರ್ತದೆ. ನೀ ಇಲ್ಲೇ ಕೂತ್ಕ, ನಾ ನೋಡ್ಕಂಡು ಬಂದು ಕರೀತೆ" ಎಂದು ಅವಳನ್ನು ಬೆಂಚಿನ ಮೇಲೆ ಕೂರಿಸಿ ಪೊದೆಗಳಲ್ಲಿ ನುಸುಳಿದ. ಸುತ್ತಿ ಸುತ್ತಿ ದಿಕ್ಕು ತಪ್ಪಿದ. ಅಲ್ಲೊಂದು ಮರದಡಿ ಕುಮಟೆಯ ಮೇಷ್ಟ್ರೊಬ್ಬರು ಹಕ್ಕಿಗಾಗಿ ಕಾದು ಕೂತಿದ್ದರು. ದುರ್ಬೀನು ಕಂಡು, ಯಾರೋ ದೊಡ್ಡ ಪಂಡಿತರೆಂದು ಎದ್ದು ಜಾಗ ಬಿಟ್ಟುಕೊಟ್ಟರು.

ದುರ್ಬೀನಿನಲ್ಲಿ ನೀರು ಬಿಟ್ಟು ಬೇರೇನೂ ಕಾಣಲಿಲ್ಲ. ಬಹಳ ಹೊತ್ತಿನ ಮೇಲೆ ಮರಗಳ ಆಚೆಯಿಂದ ಒಂದು ದನಿ ಬಂತು: "ಕೂ..."

"ಎಂತ ಹಕ್ಕಿ ಅದು?" ಮೇಷ್ಟ್ರು ಪಿಸುಗುಟ್ಟಿದರು.

"ಅಪರೂಪದ್ದು. ಹೆಣ್ಣು" ಅಂದ ಜಟ್ಟಪ್ಪ. ಬಾಯಿಗೆ ಕೈ ಅಡ್ಡ ಹಿಡಿದು ತಾನೂ "ಕೂ" ಅಂದ. ಅದು ಓಗೊಟ್ಟಿತು! ಜಟ್ಟಪ್ಪ ಹಿಗ್ಗಿ ಹೀರೇಕಾಯಿಯಾದ. ಇವನು ಕೂ ಎಂದಷ್ಟೂ ಅದು ಹತ್ತಿರ ಬಂತು. ಬೆದರಿ ಹಾರೀತೆಂದು ಇವನು ಮೇಷ್ಟ್ರನ್ನೂ ಎಳೆದುಕೊಂಡು ಹಿಂದೆ ಹಿಂದೆ ಸರಿದ. ಛೇ, ಮಾದೇವಿ ಇದನ್ನು ನೋಡಬೇಕಿತ್ತು ಎಂದುಕೊಂಡ.

ದನಿ ಬರಬರುತ್ತ ನಡುಗತೊಡಗಿತು. ಆಮೇಲೆ ನಿಂತಿತು. ಮರುಕ್ಷಣ "ಜಟ್ಟಪ್ಪಾ!" ಎಂಬ ಕೂಗಿಗೆ ಕೆರೆಗೆ ಕೆರೆಯೇ ಬೆಚ್ಚಿಬಿತ್ತು.

ಎಲ್ಲಿ ಅಡಗಿದ್ದವೋ, ನೂರಾರು ಹಕ್ಕಿಗಳು ಒಮ್ಮೆಲೇ ಎದ್ದವು. ಮೇಷ್ಟ್ರು "ಅಲ್ನೋಡಿ, ಮಂಗಟ್ಟೆ ಹಕ್ಕಿ!" ಎಂದು ಕುಣಿದರು. ಪಂಡಿತ ಮಾತ್ರ ಒಂದನ್ನೂ ನೋಡದೆ, ಕಲ್ಲು ಮುಳ್ಳು ಎನ್ನದೆ ಓಡಿದ.

ಮಾದೇವಿ ಸೀರೆ ಹರಿದುಕೊಂಡು ಕೆಸರಿನಲ್ಲಿ ನಿಂತಿದ್ದಳು. "ಎಷ್ಟ್ ಹೊತ್ತಾದ್ರೂ ಬರ್ಲಿಲ್ಲ. ಗಂಡನ್ನ ಹೆಸ್ರು ಹಿಡ್ದು ಕರೂಕಾಗ್ತದ್ಯಾ? ಕೂ ಹಾಕ್ದೆ. ನೀವೂ ಕೂ ಅಂದ್ರಿ, ಅನ್ತಾ ಅನ್ತಾ ದೂರ ಹೋದ್ರಿ. ನೀರಿಗೇ ಬಿದ್ರೇನೋ ಅಂತ..." ಅಷ್ಟರಲ್ಲಿ ಏನೋ ನೆನಪಾಗಿ ನಾಲಗೆ ಕಚ್ಚಿಕೊಂಡಳು. "ಅಯ್ಯೋ, ಹೆಸ್ರು ಹೇಳ್ಬಿಟ್ನಲ್ಲ! ನಿಮ್ಮ ಆಯುಷ್ಯ ಕಮ್ಮಿ ಆತು!" ಎಂದು ಗೋಳೋ ಎಂದು ಅತ್ತಳು.

"ನಂಗೆ ಹಕ್ಕಿಗಿಕ್ಕಿ ಎಂತದೂ ಗೊತ್ತಿಲ್ಲ ಮಾರಾಯ್ತಿ. ಎಲ್ಲಾ ಸುಳ್ಳು. ನಿನ್ನ ದನಿಯೇ ಗೊತ್ತಾಗ್ಲಿಲ್ಲ."

ಅದು ಅವಳ ಕಿವಿಗೇ ಬೀಳಲಿಲ್ಲ. ಅವಳು ಆಯುಷ್ಯಕ್ಕೇ ಅಳುತ್ತಿದ್ದಳು. ಇಂಥ ಬೆಪ್ಪನ ಆಯುಷ್ಯ ಒಂದಷ್ಟು ಹೋದರೆ ಯಾರಿಗೇನು ನಷ್ಟ ಎಂದು ಜಟ್ಟಪ್ಪನಿಗೆ ಅನ್ನಿಸಿತು. ಅವಳಿಗೆ ನಷ್ಟ ಎಂದು ಗೊತ್ತಾಗಿ ಅವನಿಗೂ ಅಳು ಬಂತು.