ಚೀಟಿಯಿಲ್ಲದ ಸೀಸೆ

ನರ್ಸ್ ಶಾಲಿನಿ ಹತ್ತಿಯುಂಡೆಗೆ ಎರಡು ತೊಟ್ಟು ಲ್ಯಾವೆಂಡರ್ ಎಣ್ಣೆ ಬಿಟ್ಟು ದಿಂಬಿನ ಮೂಲೆಗೆ ಸಿಕ್ಕಿಸುವಷ್ಟರಲ್ಲೇ ಮೂಗಯ್ಯ ಮೂಗು ಮುರಿದ.

"ಇದು ಎಣ್ಣೆ ಅಲ್ಲ ಕಣಮ್ಮಣ್ಣಿ, ಬಾಟ್ಲಿ ತೊಳೆದ ನೀರು."

ಅವನ ಹೆಂಡತಿ ಚೂಡಾಮಣಿಗೆ ಗರ್ಭಕೋಶ ತೆಗೆದು ಐದು ದಿನವಾಗಿತ್ತು. ಹೊಲಿಗೆ ಬಿಗಿಯುತ್ತಿತ್ತು, ರೆಪ್ಪೆ ಮಾತ್ರ ಕೂಡುತ್ತಿರಲಿಲ್ಲ. ನಿದ್ದೆಯಿಲ್ಲದೆ ಗಾಯ ಬೇಗ ಮಾಯುವುದಿಲ್ಲ, ಪರಿಮಳದಿಂದ ಕೆಲವರಿಗೆ ನಿದ್ದೆ ಹತ್ತುತ್ತದೆ, ಕೆಲವರಿಗಿಲ್ಲ, ನೋಡೋಣ ಎಂದಿದ್ದರು ಡಾಕ್ಟರು. ಗೋಡೆಯ ಮೇಲೆ 'ಸುಗಂಧ ಚಿಕಿತ್ಸೆ' ಎಂಬ ಪಟ. ಅದರಲ್ಲಿ ಹೆಂಗಸೊಬ್ಬಳು ಹೂವಿನ ರಾಶಿಯ ನಡುವೆ ನಗುತ್ತಾ ಮಲಗಿದ್ದಳು. ಅವಳಿಗೆ ಯಾವ ಆಪರೇಷನ್ನೂ ಆದಂತಿರಲಿಲ್ಲ.

ಮೂಗಯ್ಯ ಕೆಸರೆಯ ಊದುಬತ್ತಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಸೆಂಟು ಕೂಡಿಸಿದ ಮೇಸ್ತ್ರಿ. ಈಗಲೂ ಹೊಸ ಬತ್ತಿಗೆ ಅವನು ಹೂಂ ಅನ್ನದೆ ಮಾಲೀಕರು ಮುಂದುವರಿಯುತ್ತಿರಲಿಲ್ಲ. ಆ ಕಸುಬಿನವರು ಸೀಸೆಯ ಮೇಲೆ ಹೆಸರು ಬರೆಯುವುದಿಲ್ಲ. ಬರೆದರೆ ಪಕ್ಕದವನು ಕೂಡಿಕೆ ಕದಿಯುತ್ತಾನೆ. ಮನೆಯ ಟ್ರಂಕಿನಲ್ಲೂ ಅಷ್ಟೇ. ಒಂದೇ ಅಳತೆಯ ಹನ್ನೆರಡು ಸೀಸೆ, ಒಂದಕ್ಕೂ ಚೀಟಿಯಿಲ್ಲ. ಮೂಸಿಯೇ ಎತ್ತಬೇಕು.

ಮಾರನೆಯ ಮಧ್ಯಾಹ್ನ ಕುಂಬಾರಕೊಪ್ಪಲಿನ ಮನೆಯಿಂದ ಗಂಜಿಯ ಜೊತೆ ಅಂಥದ್ದೊಂದು ಸೀಸೆಯನ್ನೂ ತಂದ. ಗಂಧದೆಣ್ಣೆಗೆ ಮರುಗ ಬೆರೆಸಿದ್ದಂತೆ, ಕಲ್ಲಿಗೂ ನಿದ್ದೆ ಬರುತ್ತದಂತೆ. ಹತ್ತಿಗೆ ಹಚ್ಚಿ ಅವಳ ಕೆನ್ನೆಯ ಬಳಿ ಇಟ್ಟ.

ಚೂಡಾಮಣಿ ಉಸಿರೆಳೆದಳು.

ಗಂಧವೂ ಅಲ್ಲ, ಮರುಗವೂ ಅಲ್ಲ. ಕೇದಗೆ, ಅದರ ಬೆನ್ನಿಗೆ ಹಸಿ ವೀಳ್ಯದೆಲೆಯಂಥ ಘಾಟು. ಹನ್ನೊಂದು ವರ್ಷದ ಹಿಂದೆ, ಜ್ವರದಲ್ಲಿ ಹೋದ ಮಗಳು ಧನುಶ್ರೀಯನ್ನು ನಡುಮನೆಯಲ್ಲಿ ಮಲಗಿಸಿದಾಗ ತಲೆಯ ಬಳಿ ಉರಿದ ಬತ್ತಿಯ ವಾಸನೆ. ಆ ತಿಂಗಳಷ್ಟೇ ಮೂಗಯ್ಯ ಕೂಡಿಸಿದ್ದ ಹೊಸ ಸೆಂಟು. ಮೊದಲು ಮೂಸಿ ಭೇಷ್ ಅಂದವಳು ಮಗಳೇ. ಮಣ್ಣು ಮಾಡಿ ಬಂದವನು ಉಳಿದದ್ದನ್ನೆಲ್ಲ ಮೋರಿಗೆ ಸುರಿದೆ ಅಂದಿದ್ದ. ಮಾಲೀಕರು ಎಷ್ಟು ಬೇಡಿದರೂ ಮತ್ತೆ ಕೂಡಿಸಿರಲಿಲ್ಲ.

ಸುರಿದಿರಲಿಲ್ಲ, ಹಾಗಾದರೆ.

ಅವಳು ಗಂಡನ ಮುಖ ನೋಡಿದಳು. ಕುಸಿಯಬೇಕಾಗಿದ್ದ ಮುಖ, ಸಾರಿನ ರುಚಿ ಕೇಳಲು ನಿಂತ ಅಡಿಗೆಭಟ್ಟನದರಂತೆ ಅರಳಿತ್ತು. ಹತ್ತಿಯ ಕಡೆ ಬಾಗಿ ಜೋರಾಗಿ ಉಸಿರೆಳೆದುಕೊಂಡ. "ಮರುಗ ಎಂಗೆ ಎದ್ದು ಬತ್ತಾ ಅದೆ ನೋಡು."

ಹೋದ ತಿಂಗಳು ಒಲೆಯ ಎದುರೇ ಪೇಪರ್ ಓದುತ್ತಾ ಕೂತಿದ್ದವನು ಹಾಲು ಸೀದು ಕರಿಕಲಾದರೂ ಎದ್ದಿರಲಿಲ್ಲ. ಕೂತಲ್ಲೇ ತೂಕಡಿಸ್ತೀರಿ ಅಂತ ಬೈದಿದ್ದಳು. ನಿನ್ನೆ ಲ್ಯಾವೆಂಡರನ್ನು ಹಳಿದದ್ದೂ ಮೂಸದೆಯೇ. ಎಂದಿನಿಂದ ಹೀಗೆ, ವಾಸನೆಯೇ ಹತ್ತದೆ? ಎರಡು ವರ್ಷದ ಹಿಂದೆ ವಾರಗಟ್ಟಲೆ ಮಲಗಿದ್ದನಲ್ಲ, ಆ ಜ್ವರದಿಂದಲೇ? ಹೇಳಿದರೆ ಮೂಗಯ್ಯನಿಗೆ ಉಳಿಯುವುದು ಹೆಸರಿನಲ್ಲಿರುವ ಮೂಗು ಮಾತ್ರ. ಅದಕ್ಕಿಂತ ಹೆಚ್ಚಾಗಿ, ತಾನು ತಂದದ್ದು ಯಾವ ಸೀಸೆ ಅನ್ನುವುದೂ ಅವನಿಗೆ ಗೊತ್ತಾಗಿಬಿಡುತ್ತದೆ.

"ಎಂಗದೆ?" ಅಂದ. ದನಿ ಸ್ವಲ್ಪ ಅಳುಕಿತು.

"ಚೆನ್ನಾಗದೆ ಕಣ್ರೀ."

"ನಿದ್ದೆ ಬತ್ತದಾ?"

"ಆಗ್ಲೇ ಕಣ್ಣೆಳೀತಾ ಅದೆ. ಸೀಸೆ ಇಲ್ಲೇ ಕೊಟ್ಬುಡಿ."

ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದು, ಹೊಲಿಗೆ ಕಾಪಾಡಿಕೊಂಡು ಗೋಡೆಯ ಕಡೆ ನಿಧಾನ ಹೊರಳಿ ಕಣ್ಣು ಮುಚ್ಚಿದಳು. ಸ್ಕೂಲು ತಪ್ಪಿಸಲು ಧನು ಹೀಗೇ ನಿದ್ದೆ ನಟಿಸುತ್ತಿದ್ದಳು. ರೆಪ್ಪೆ ಅಲುಗಿ ದಿನಾ ಸಿಕ್ಕಿಬೀಳುತ್ತಿದ್ದಳು. ಚೂಡಾಮಣಿ ರೆಪ್ಪೆ ಅಲುಗದಂತೆ ನೋಡಿಕೊಂಡಳು.

ಬೆನ್ನ ಹಿಂದೆ ಶಾಲಿನಿಯ ಹೆಜ್ಜೆ ಕೇಳಿಸಿತು. ಮೂಗಯ್ಯ ಶ್ ಅಂದ, ಆಮೇಲೆ ಪಿಸುದನಿಯಲ್ಲಿ, ಮೂವತ್ತೊಂದು ವರ್ಷದ ಕೈ ಕಣಮ್ಮಣ್ಣಿ, ಅಂದ. ಕಿಟಕಿಯ ಪರದೆ ಎಳೆದ ಸದ್ದಾಯಿತು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಿರಬೇಕು. ಬರಿಗಾಲು ವಾರ್ಡಿನುದ್ದಕ್ಕೂ ಮೆಲ್ಲಗೆ, ಮೆಲ್ಲಗೆ ದೂರವಾಯಿತು.