ಮಲಕಮ್ಮನಿಲ್ಲದೆ ತೆರೆಯದ ಫೈಲು

ಅಕ್ಕಲಕೋಟದ ಬಸ್‌ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ, ಜನರ ಆನ್‌ಲೈನ್ ಅರ್ಜಿ ತುಂಬಿಕೊಡುವ ತನ್ನ ಪುಟ್ಟ ಅಂಗಡಿಯ ಮುಂದೆ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ ಇಂದುಬಾಯಿ, ಲ್ಯಾಪ್‌ಟಾಪನ್ನು ಕೂಸಿನಂತೆ ಅವಚಿಕೊಂಡು ನಿಂತದ್ದು ಕಂಡರೂ ಮಲಕಮ್ಮ ಏಳಲಿಲ್ಲ. ಎದುರಿಗಿದ್ದ ಮುದುಕನ ಪೆನ್ಶನ್ ಅರ್ಜಿಯನ್ನು ಬೇಕಂತಲೇ ಮೊದಲಿನಿಂದ ಇನ್ನೊಮ್ಮೆ ಓದಿದಳು. ಮುದುಕ ಹೋದ ಮೇಲೆ ತಲೆ ಎತ್ತಿದಳು.

"ತಂಗೀ, ಛಲೋ ಇದ್ದೀ?"

"ಕೂಡ್ರಿ ಅಕ್ಕಾರ. ಯಾವ ಫಾರ್ಮ್ ತುಂಬೂದದ?"

"ಚೇಷ್ಟಿ ಮಾಡಬ್ಯಾಡವಾ. ಐತವಾರ ವಧು-ವರರ ಮೇಳಾವಾ ಅದ. ನಾಕನೂರಾ ಹನ್ನೆರಡು ಬಯೋಡಾಟಾದಾಗ ಒಂದೂ ತೆರೀವಲ್ದು. ಮುಟ್ಟಿದ್ರ ನಿಮಗ ಅನುಮತಿ ಇಲ್ಲ ಅಂತದ."

"ನಿಮಗ ಇಲ್ಲಂತದ?"

"ನನಗ! ನನ್ನ ಮನಿಯಾಗಿನ ಲ್ಯಾಪ್‌ಟಾಪ್ ನನಗೇ ಪರವಾನಗಿ ಇಲ್ಲಂತದ. ಸೋಲಾಪುರದಾಗ ಮೂರು ದುಕಾನ ತಿರುಗಿದೆ. ಕಡೀಕ ಒಬ್ಬಾಂವ, ಮಾವಶೀ, ಇವುಗಳ ಮಾಲಕರು ಬ್ಯಾರೇನೇ ಅದಾರ, ಅವರನ್ನ ಕರಕೊಂಡ ಬರ್ರಿ ಅಂದ."

ಮಾಲಕರು. ಮಲಕಮ್ಮ ಆ ಶಬ್ದವನ್ನು ನಾಲಿಗೆಯ ಮೇಲೆ ಸುಮ್ಮನೆ ಇಟ್ಟುಕೊಂಡಳು.

ಸೋಲಾಪುರದಲ್ಲಿ ಇಂದುಬಾಯಿ ನಡೆಸುವ ವಧು-ವರ ಕೇಂದ್ರವನ್ನು ಹನ್ನೊಂದು ವರ್ಷ ಎತ್ತಿ ನಿಲ್ಲಿಸಿದವಳು ಮಲಕಮ್ಮನೇ. ಮೊದಲ ಎಂಟು ವರ್ಷ ಮುಂದಿನ ಕುರ್ಚಿಯಲ್ಲಿ ಕೂತಳು. ಗಂಡ ತೀರಿದ ಹದಿನಾಲ್ಕನೆಯ ದಿನ ಕೆಲಸಕ್ಕೆ ಬಂದರೆ ಕೋಣೆಯ ನಡುವೆ ಹೂವಿನ ಪಡದೆ ಇಳಿಬಿದ್ದಿತ್ತು. ಕುರ್ಚಿ ಅದರ ಹಿಂದೆ. ಶುಭಕಾರ್ಯಕ್ಕೆ ಬಂದವರಿಗೆ ಮುಖ ಕಾಣಬಾರದು, ದನಿ ಕೇಳಿದರೆ ಅಡ್ಡಿಯಿಲ್ಲ. ಮೂರು ವರ್ಷ ಹಾಗೇ ಫೋನು, ಹಾಗೇ ಟೈಪು. ಹೋದ ವರ್ಷ ವಳಸಂಗದ ಒಂದು ಸಂಬಂಧ ಮುರಿದಾಗ ಅದಕ್ಕೂ ಅವಳ ನೆರಳೇ ಕಾರಣವಾಗಿ, ಪಡದೆಯ ಹಿಂದಿನ ಕುರ್ಚಿಯೂ ಹೋಯಿತು.

ಲ್ಯಾಪ್‌ಟಾಪ್ ತೆರೆದಳು. ಫೋಲ್ಡರಿನ ಮಾಲೀಕರು ಯಾರೆಂದು ನೋಡಿದಳು. ತನ್ನ ಹೆಸರಿರಬೇಕಾದಲ್ಲಿ ಉದ್ದನೆಯ ಅಂಕಿಗಳ ಸರಪಳಿ ಇತ್ತು. ಹೆಸರಿನ ಖಾತೆ ಅಳಿಸಿಹೋದರೆ ಹಾಗೆ ಬರಿಯ ಅಂಕಿ ಉಳಿಯುತ್ತದೆ. ಮಾಲೀಕತ್ವವನ್ನು ಇಂದುಬಾಯಿಯ ಖಾತೆಗೆ ಬದಲಿಸಿದಳು, ಪರವಾನಗಿ ಕೊಟ್ಟಳು. ಫೈಲು ತೆರೆಯಲಿಲ್ಲ. ತೆರೆಯದೆಂದು ಅವಳಿಗೆ ಗೊತ್ತೇ ಇತ್ತು. ಯಾರೋ ಪುಂಡನೊಬ್ಬ ಹುಡುಗಿಯರ ಫೋಟೋ ಕದ್ದು ಹಂಚಿದ ಮೇಲೆ ಈ ಫೈಲುಗಳಿಗೆಲ್ಲ ಬೇರೆ ಬೀಗ ಜಡಿದವಳು ಅವಳೇ. ಆ ಬೀಗದ ಕೀಲಿ ಅವಳ ಖಾತೆಯೊಳಗಿತ್ತು, ಖಾತೆಯ ಜೊತೆಗೇ ಹೋಗಿತ್ತು. ಅದರ ಒಂದು ನಕಲು ಮಾತ್ರ ಈ ಅಂಗಡಿಯ ಮೇಜಿನ ಖಾನೆಯ ಪೆನ್‌ಡ್ರೈವಿನಲ್ಲಿತ್ತು.

"ನನ್ನ ಹೆಸರು ಯಾಕ ಅಳಿಸಿದ್ರಿ?"

ಇಂದುಬಾಯಿ ಸೆರಗು ತಿರುವಿದಳು. "ಇಷ್ಟ ದಿನ ನಿನ್ನ ಹೆಸರಿನ್ಯಾಗೇ ತೆರೀತಿದ್ದೆ, ಹೋದ ವಾರ ತೆಗಿಸಿದೆ. ಮುಂಜಾನಿ ಚಾಲೂ ಮಾಡಿದ್ರ ಮೊದಲ ಅದೇ ಬರತಿತ್ತವಾ. ಮಂದಿ ಲಗ್ನದ ಕೆಲಸ… ಎದ್ದಕೂಡ್ಲೇ…"

"ಹೆಸರಿಗೂ ಮೈಲಿಗಿ ಆಗ್ತದೇನ್ರಿ ಅಕ್ಕಾರ?"

ಮಲಕಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಆಗುವುದಿಲ್ಲ ಎಂದು ಅಟ್ಟಿದರೆ ಈಕೆ ಓಣಿ ತುಂಬ ಅತ್ತುಕೊಂಡು ಕರುಣೆ ಗಳಿಸಿಬಿಡುತ್ತಾಳೆ. ಅಷ್ಟು ಅಗ್ಗಕ್ಕೆ ಬಿಡುವುದೆಂತು?

"ತೆಗದ ಕೊಡ್ತೀನಿ," ಅಂದಳು. "ಐತವಾರ, ಮೇಳಾವದಾಗ. ಬಾಗಲದಾಗ ಟೇಬಲ್ ಹಾಕ್ರಿ. ಬಂದವರು ಮೊದಲ ನನ್ನ ಹಂತ್ಯಾಕ ಬರಬೇಕು. ನೀವು ಬಾಜೂಕ ನಿಂತು ಎಲ್ಲಾರಿಗೂ ಹೇಳಬೇಕು, ಈಕಿ ನಮ್ಮ ಮಲಕಮ್ಮ, ಈ ಕೆಲಸೆಲ್ಲಾ ಈಕಿದೇ ಅಂತ."

"ಮಂದಿ ಏನಂತಾರವಾ?"

"ಅದನ್ನೇ ಕೇಳೂದದ ನನಗ."

ಭಾನುವಾರ ಸೋಲಾಪುರದ ಮಂಗಲ ಕಾರ್ಯಾಲಯದ ಬಾಗಿಲಲ್ಲಿ, ಬರಿಹಣೆಯಲ್ಲಿ, ಇದ್ದುದರಲ್ಲೇ ಒಳ್ಳೆಯ ಇಳಕಲ್ಲ ಸೀರೆಯುಟ್ಟು ಮಲಕಮ್ಮ ಕೂತಳು. ಪೆನ್‌ಡ್ರೈವು ಚುಚ್ಚಿ ಕೀಲಿ ಹಾಕಿದಳು. ಫೈಲುಗಳು ಒಂದೊಂದಾಗಿ ಬಾಯಿ ತೆರೆದವು. ಮಂದ್ರೂಪದ ತಾಯಿಯೊಬ್ಬಳು ಅವಳ ಹಣೆ ನೋಡಿ ಕಾಲು ಹಿಂದಿಟ್ಟಳು. ಈಕಿ ನಮ್ಮ ಮಲಕಮ್ಮ, ಈ ಕೆಲಸೆಲ್ಲಾ ಈಕಿದೇ ಎಂದು ಇಂದುಬಾಯಿ ಕಲಿತ ಮಾತು ಒಪ್ಪಿಸಿದಳು.

"ಅಯ್ಯ, ಫೋನಿನ್ಯಾಗ ಮಾತಾಡ್ತಿದ್ದ ಮಲಕಮ್ಮಬಾಯಿ ನೀವೇ ಏನ್ರಿ?" ಆ ತಾಯಿ ಕುರ್ಚಿ ಎಳೆದುಕೊಂಡಳು. "ರಾತ್ರಿ ಹತ್ತಕ್ಕ ಮಾಡಿದ್ರೂ ಬ್ಯಾಸರ ಮಾಡ್ಕೋತಿದ್ದಿಲ್ಲ. ಮುಖ ನೋಡಿದ್ದು ಇವತ್ತರಿ. ಇಷ್ಟ ದಿನ ಎಲ್ಲಿದ್ರಿ?"

"ಇವರನ್ನ ಕೇಳ್ರಿ," ಎಂದು ಮಲಕಮ್ಮ ಇಂದುಬಾಯಿಯ ಕಡೆ ಗದ್ದ ತಿರುಗಿಸಿದಳು. ಇಂದುಬಾಯಿ ನಕ್ಕಳು. ನಗಲೇಬೇಕಿತ್ತು, ಹಿಂದೆ ಇಪ್ಪತ್ತು ಮಂದಿ ನಿಂತಿದ್ದರು.

ಮಲಕಮ್ಮ ಪ್ರತಿ ಮನೆಯವರಿಗೂ ಅವರವರ ಮಕ್ಕಳ ಬಯೋಡಾಟಾವನ್ನು ಫೋನಿಗೇ ಕಳಿಸಿದಳು. "ನಿಮ್ಮ ಮಕ್ಕಳ ಕಾಗದ ನಿಮ್ಮ ಕಡೇನೇ ಇರಲಿ. ಏನರ ಬೇಕಂದ್ರ ಇದು ನನ್ನ ನಂಬರ್, ಅಕ್ಕಲಕೋಟದಾಗ ಇರ್ತೀನಿ." ಮೂರನೆಯವರಿಗೆ ಹೇಳುವಾಗ, ತನ್ನ ಗಿರಾಕಿಗಳೆಲ್ಲ ಕೈಬಿಟ್ಟು ಹೋಗುತ್ತಿದ್ದಾರೆಂದು ಇಂದುಬಾಯಿಗೆ ತಿಳಿಯಿತು. ಬೆನ್ನ ಹಿಂದಿನಿಂದ ಮಲಕಮ್ಮನ ರಟ್ಟೆ ಚಿವುಟಿದಳು. ಮಲಕಮ್ಮ ದನಿ ಏರಿಸಿ ಕೇಳಿದಳು, "ಏನ್ರಿ ಅಕ್ಕಾರ, ಏನರ ತಪ್ಪ ಹೇಳಿದೇನು?" ಜನ ತಿರುಗಿ ನೋಡಿದರು. "ಇಲ್ಲವಾ," ಅಂದಳು ಇಂದುಬಾಯಿ, "ಹೇಳು."

ಸಂಜೆ ಹಾಲ್ ಖಾಲಿಯಾದ ಮೇಲೆ ಮಲಕಮ್ಮ ಲ್ಯಾಪ್‌ಟಾಪನ್ನು ಅವಳ ಕಡೆ ಸರಿಸಿದಳು. "ನಾಕನೂರಾ ಹನ್ನೆರಡೂ ತೆರೀತಾವ ನೋಡ್ಕೋರಿ. ಮಾತಿಗೆ ತಪ್ಪಿಲ್ಲ ನಾ."

"ಯಾರ ಸಲುವಾಗಿ ತೆರೀಲೇ ಇನ್ನ?" ಇಂದುಬಾಯಿ ಚೀರಿದಳು. "ಎಲ್ಲಾರೂ ನಿನ್ನ ನಂಬರ್ ಬರಕೊಂಡ ಹೋದ್ರು."

"ನೀವೇ ಹೇಳಿದ್ರಲ್ಲಾ ಅವರಿಗೆ, ಕೆಲಸೆಲ್ಲಾ ಈಕಿದೇ ಅಂತ."

ಬಸ್ಸು ಸೋಲಾಪುರ ದಾಟುವಷ್ಟರಲ್ಲಿ ಮೂರು ತಾಯಂದಿರು ಫೋನು ಮಾಡಿದ್ದರು. ನಾಲ್ಕನೆಯದು ಇಂದುಬಾಯಿಯದು. ಮಲಕಮ್ಮ ಎತ್ತಲಿಲ್ಲ, ಫೋನಿನ ಬಾಯಿ ಮುಚ್ಚಿಸಲೂ ಇಲ್ಲ. ಮಡಿಲಲ್ಲಿಟ್ಟುಕೊಂಡು, ಅದು ಬಡಕೊಂಡು ಬಡಕೊಂಡು ತಾನಾಗಿ ನಿಲ್ಲುವ ತನಕ ಕೇಳಿದಳು. ಮತ್ತೆ ಬಂತು. ಪಕ್ಕದ ಹೆಂಗಸು, "ಎತ್ತರಿ ಬಾಯೀ," ಅಂದಳು.

"ಇರಲಿ ಬಿಡ್ರಿ," ಅಂದಳು ಮಲಕಮ್ಮ. "ಕೇಳಾಕ ಛಲೋ ಅನಸಾಕತ್ತದ."